ಕುಸ್ಕೋದ ಹುಡುಗರನ್ನು ಗೆಲ್ಲಿಸಿದ್ದು ಗಾಳಿಯಲ್ಲ

ಸಂಪಾದಕರಿಗೆ ನಮಸ್ಕಾರಗಳು.

ಹೋದ ಭಾನುವಾರ ನಿಮ್ಮ ಕ್ರೀಡಾ ಪುಟದಲ್ಲಿ ದಕ್ಷಿಣ ಅಮೆರಿಕದ ಎತ್ತರದ ಊರುಗಳ ಫುಟ್‌ಬಾಲ್ ಬಗ್ಗೆ ಒಂದು ಬರಹ ಬಂದಿತ್ತು. ಬೊಲಿವಿಯಾದವರು ಎಲ್ ಆಲ್ಟೊ ಊರಿನಲ್ಲಿ, 4,000 ಮೀಟರ್‌ಗೂ ಮೇಲೆ, ದೊಡ್ಡ ದೊಡ್ಡ ತಂಡಗಳನ್ನು ಕರೆಸಿಕೊಂಡು ಆಡುವ ವಿಷಯ. ಕಾಫಿ ಆರಿಹೋದರೂ ಬಿಡದೆ ಓದಿದೆ. ಆದರೆ ಕೊನೆಯ ಪ್ಯಾರಾದಲ್ಲಿ ಒಂದು ಸಾಲು ಇತ್ತು. ಪೆರುವಿನ ಕುಸ್ಕೋ ಊರಿನ ಒಂದು ಕ್ಲಬ್ ಹಿಂದೊಮ್ಮೆ ತೆಳು ಗಾಳಿಯ ಬಲದಿಂದಲೇ ಖಂಡದ ಕಪ್ ಗೆದ್ದಿತ್ತು ಅಂತ. ಅಷ್ಟೇ. ಕ್ಲಬ್ಬಿನ ಹೆಸರೂ ಇರಲಿಲ್ಲ.

ಆ ಕ್ಲಬ್ಬಿನ ಹೆಸರು ಸಿಯೆನ್ಸಿಯಾನೊ. ಆ ಸಾಲು ತಪ್ಪು. ಯಾಕೆ ತಪ್ಪು ಅಂತ ಹೇಳುವುದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಾನು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ 31 ವರ್ಷ ಪಿ.ಟಿ. ಮೇಷ್ಟ್ರಾಗಿದ್ದೆ. ನಿವೃತ್ತಿಯಾದ ಮೇಲೆ ಮೈಸೂರಿನ ಗೋಕುಲಂನಲ್ಲಿ ಇದ್ದೇನೆ. ನಮ್ಮ ಬಡಾವಣೆಗೆ ಯೋಗ ಕಲಿಯಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ, ಮೈಸೂರಿನವರಿಗೆ ಇದು ಗೊತ್ತಿರುವ ಮಾತೇ. ನಾವೂ ಮಹಡಿ ಮೇಲಿನ ರೂಮನ್ನು ಅಂಥವರಿಗೇ ಬಾಡಿಗೆಗೆ ಕೊಡುತ್ತೇವೆ. 2019ರ ಡಿಸೆಂಬರ್‌ನಲ್ಲಿ ಒಬ್ಬ ಹುಡುಗ ಬಂದ. ಇಪ್ಪತ್ತೈದು ವರ್ಷ ಇರಬಹುದು. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಅಭ್ಯಾಸಕ್ಕೆ ಹೋಗುತ್ತಿದ್ದ. ಎಂಟು ಗಂಟೆಗೆ ವಾಪಸ್ ಬಂದು, ಬಟ್ಟೆ ಒಗೆದು, ಮಹಡಿ ಮೇಲೆ ಹರವುತ್ತಿದ್ದ. ಆ ತಂತಿಯ ಮೇಲೆ ದಿನ ಬಿಟ್ಟು ದಿನ ಒಂದು ಕೆಂಪು ಜೆರ್ಸಿ ಕಾಣುತ್ತಿತ್ತು. ಕಾಲರ್ ಹತ್ತಿರ ದಾರ ಬಿಟ್ಟುಹೋಗಿತ್ತು, ತೋಳಿನ ಬಣ್ಣ ಮಾಸಿ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಆದರೂ ಅದನ್ನು ಒಳಮೈ ಹೊರಗೆ ಮಾಡಿ, ನೆರಳಿನಲ್ಲೇ ಒಣಗಿಸುತ್ತಿದ್ದ. ಫುಟ್‌ಬಾಲ್ ಜೆರ್ಸಿಯನ್ನು ಇಷ್ಟು ಜೋಪಾನ ಮಾಡುವವನನ್ನು ಮಾತಾಡಿಸದೆ ಇರೋಕೆ ಆಗುತ್ತಾ? ಒಂದು ದಿನ ಕೇಳಿದೆ, ಇದು ಯಾವ ಟೀಮಪ್ಪಾ ಅಂತ.

ಅವನು ಕುಸ್ಕೋದವನು. ಅಂದಿನಿಂದ ಎರಡು ತಿಂಗಳು, ಸಂಜೆ ಕಾಫಿ ಹೊತ್ತಿಗೆ ನಮ್ಮಿಬ್ಬರ ಮಾತು ಅದೊಂದೇ. ಅವನ ಇಂಗ್ಲಿಷ್ ಅರ್ಧ, ನನ್ನ ಇಂಗ್ಲಿಷ್ ಅರ್ಧ. ಫುಟ್‌ಬಾಲ್ ಮಾತಾಡೋಕೆ ಅಷ್ಟು ಸಾಕಾಗಿತ್ತು. ಆಮೇಲೆ ನಾನೇ ಮೊಮ್ಮಗಳ ಕೈಲಿ ಹಳೆಯ ಪಂದ್ಯಗಳ ವಿಡಿಯೋ ಹಾಕಿಸಿ ನೋಡಿದೆ, ಪಂದ್ಯಗಳ ಲೆಕ್ಕ ಬರೆದಿಟ್ಟುಕೊಂಡೆ.

ಮೊದಲು ಆ ಕ್ಲಬ್ ಹುಟ್ಟಿದ ಕಥೆ ಹೇಳಬೇಕು. ಕುಸ್ಕೋ ಇಂಕಾ ರಾಜರ ರಾಜಧಾನಿಯಾಗಿದ್ದ ಊರು. ಮಾಚು ಪಿಚು ನೋಡಲು ಹೋಗುವವರೆಲ್ಲ ಇಳಿಯುವ ಊರು. ಅಲ್ಲಿ 1825ರಲ್ಲಿ ಸಿಮೋನ್ ಬೊಲಿವಾರ್ ಒಂದು ಶಾಲೆ ತೆರೆದರು. ಸ್ಪೇನ್ ಆಳ್ವಿಕೆಯಿಂದ ಆ ದೇಶಗಳನ್ನು ಬಿಡಿಸಿದ ನಾಯಕ ಅವರು. ಶಾಲೆಯ ಹೆಸರು ಕೊಲೆಹಿಯೊ ನ್ಯಾಸಿಯೊನಾಲ್ ದೆ ಸಿಯೆನ್ಸಿಯಾಸ್, ಅಂದರೆ ರಾಷ್ಟ್ರೀಯ ವಿಜ್ಞಾನ ಶಾಲೆ. ಆ ಶಾಲೆಯ ಹುಡುಗರನ್ನು ಊರಿನವರು ಸಿಯೆನ್ಸಿಯಾನೊ ಅಂತ ಕರೆಯುತ್ತಿದ್ದರು. 1901ರಲ್ಲಿ ಆ ಹುಡುಗರು ಸೇರಿ ಫುಟ್‌ಬಾಲ್ ಕ್ಲಬ್ ಕಟ್ಟಿಕೊಂಡರು. ಹೆಸರಿಗೆ ಬೇರೆ ಕಡೆ ಹುಡುಕಲಿಲ್ಲ. ತಾವು ಯಾವ ಶಾಲೆಯವರೋ ಅದನ್ನೇ ಇಟ್ಟರು. ಇವತ್ತಿಗೂ ಅದೇ ಹೆಸರು.

ಶಾಲೆಯ ಹುಡುಗರ ತಂಡ ಅಂದಾಗ ನನ್ನಂಥವನಿಗೆ ಎದೆ ತುಂಬಿ ಬರುತ್ತದೆ. ಹಿಂದೆ ಗಿರಣಿ ಇಲ್ಲ, ರೈಲ್ವೆ ಇಲ್ಲ, ಸಾಹುಕಾರ ಇಲ್ಲ. ಬೆಲ್ ಹೊಡೆದ ಮೇಲೆ ಮೈದಾನಕ್ಕೆ ಓಡುವ ಹುಡುಗರು ಕಟ್ಟಿದ ಕ್ಲಬ್ ಅದು.

ಪೆರುವಿನ ಫುಟ್‌ಬಾಲ್ ಅಂದರೆ ರಾಜಧಾನಿ ಲಿಮಾ. ಯೂನಿವರ್ಸಿಟಾರಿಯೊ, ಅಲಿಯಾನ್ಸಾ ಲಿಮಾ, ಸ್ಪೋರ್ಟಿಂಗ್ ಕ್ರಿಸ್ಟಲ್ ಮೂರೂ ಲಿಮಾದವು. ದುಡ್ಡು, ಪೇಪರು, ಟಿವಿ ಎಲ್ಲ ಅಲ್ಲೇ. ಬೆಟ್ಟದ ಮೇಲಿನ ಊರುಗಳಿಂದ ಒಳ್ಳೆಯ ಆಟಗಾರ ಬಂದರೆ ಅವನೂ ಕೊನೆಗೆ ಅಲ್ಲಿಗೇ. ನಮ್ಮ ಹುಡುಗರು ಸ್ವಲ್ಪ ಚೆನ್ನಾಗಿ ಆಡಿದ ಕೂಡಲೇ "ಬೆಂಗಳೂರಿಗೆ ಹೋಗು, ಇಲ್ಲಿ ಏನಿದೆ" ಅಂತ ಹೇಳುತ್ತೇವಲ್ಲ, ಹಾಗೆ. ಸಿಯೆನ್ಸಿಯಾನೊ ಇವತ್ತಿನವರೆಗೂ ಪೆರುವಿನ ರಾಷ್ಟ್ರೀಯ ಚಾಂಪಿಯನ್ ಆಗಿಲ್ಲ. 2001, 2005, 2006, ಮೂರು ಸಲ ಫೈನಲ್‌ವರೆಗೆ ಬಂದು ಮೂರು ಸಲವೂ ಲಿಮಾದ ತಂಡಗಳಿಗೆ ಸೋತಿತು. ಆದರೆ ಲಿಮಾದ ಯಾವ ಕ್ಲಬ್ಬೂ ತರದ ಖಂಡದ ಕಪ್ಪನ್ನು ತಂದದ್ದು ಇದೇ ಕ್ಲಬ್. 1972ರಲ್ಲಿ ಯೂನಿವರ್ಸಿಟಾರಿಯೊ, 1997ರಲ್ಲಿ ಸ್ಪೋರ್ಟಿಂಗ್ ಕ್ರಿಸ್ಟಲ್, ಆ ಖಂಡದ ಕ್ಲಬ್‌ಗಳ ಅತಿ ದೊಡ್ಡ ಕಪ್ಪಾದ ಕೋಪಾ ಲಿಬರ್ಟಡೋರೆಸ್ ಫೈನಲ್‌ಗೆ ಹೋಗಿದ್ದವು. ಎರಡೂ ಸೋತವು.

ಈಗ ಗಾಳಿಯ ಮಾತಿಗೆ ಬರೋಣ. ಎತ್ತರದಿಂದ ಲಾಭವೇ ಇಲ್ಲ ಅಂತ ನಾನು ಹೇಳುವುದಿಲ್ಲ. 31 ವರ್ಷ ಹುಡುಗರನ್ನು ಓಡಿಸಿದವನು ಹಾಗೆ ಹೇಳಬಾರದು. ಕುಸ್ಕೋ ಸುಮಾರು 3,400 ಮೀಟರ್ ಎತ್ತರದಲ್ಲಿದೆ. ನಮ್ಮ ಚಾಮುಂಡಿ ಬೆಟ್ಟದ ತುದಿ ಸುಮಾರು 1,060 ಮೀಟರ್. ಕರ್ನಾಟಕದಲ್ಲೇ ಎತ್ತರವಾದ ಮುಳ್ಳಯ್ಯನಗಿರಿ 1,930 ಮೀಟರ್. ಅದರ ಮೇಲೆ ಚಾಮುಂಡಿ ಬೆಟ್ಟವನ್ನು ಬುಡದಿಂದ ತುದಿವರೆಗೆ ನಿಲ್ಲಿಸಿದರೂ ಕುಸ್ಕೋ ಸಿಗುವುದಿಲ್ಲ. ಸಮುದ್ರದ ಮಟ್ಟಕ್ಕೆ ಹೋಲಿಸಿದರೆ ಅಲ್ಲಿನ ಗಾಳಿಯ ಒತ್ತಡ ಮೂರರಲ್ಲಿ ಎರಡು ಪಾಲು ಮಾತ್ರ. ಒಂದು ಉಸಿರಿಗೆ ಸಿಗುವ ಆಮ್ಲಜನಕವೂ ಅಷ್ಟೇ ಕಡಿಮೆ. ಕೆಳಗಿನಿಂದ ಹೋದವರಿಗೆ ಒಂದು ಸಲ ಜೋರಾಗಿ ಓಡಿದ ಮೇಲೆ ಉಸಿರು ವಾಪಸ್ ಬರೋಕೆ ಜಾಸ್ತಿ ಹೊತ್ತು ಬೇಕು. ಚೆಂಡಿಗೂ ಗಾಳಿಯ ತಡೆ ಕಡಿಮೆ. ಬೇಗ ಬರುತ್ತದೆ, ಅಂದುಕೊಂಡಷ್ಟು ತಿರುಗುವುದಿಲ್ಲ. ಗೋಲ್‌ಕೀಪರ್‌ಗೆ ಅಂದಾಜು ತಪ್ಪುತ್ತದೆ. ಅಲ್ಲೇ ಹುಟ್ಟಿ ಬೆಳೆದವರ ಮೈ ಇದಕ್ಕೆ ಒಗ್ಗಿರುತ್ತದೆ. ಇದೆಲ್ಲ ನಿಜ.

ನಾನು ಕೇಳುವುದು ಒಂದೇ. ಆ ಗಾಳಿಯನ್ನು ಅವರು ಮೂಟೆ ಕಟ್ಟಿಕೊಂಡು ಬೇರೆ ಊರಿಗೆ ಹೊತ್ತುಕೊಂಡು ಹೋದರೇ? ಯಾಕೆಂದರೆ ಆ ಕಪ್ ಕುಸ್ಕೋದಲ್ಲಿ ಗೆದ್ದದ್ದಲ್ಲ.

ವರ್ಷ 2003. ಕಪ್ಪಿನ ಹೆಸರು ಕೋಪಾ ಸುಡಾಮೆರಿಕಾನಾ. ಪ್ರತಿ ಸುತ್ತಿನಲ್ಲೂ ಎರಡು ಪಂದ್ಯ, ತವರಿನಲ್ಲಿ ಒಂದು, ಎದುರಾಳಿಯ ಊರಿನಲ್ಲಿ ಒಂದು. ಕೋಚ್ ಫ್ರೆಡ್ಡಿ ಟೆರ್ನೆರೊ. ಗೋಲ್‌ಕೀಪರ್ ಆಸ್ಕರ್ ಇಬಾನ್ಯೆಸ್, ಅರ್ಜೆಂಟೀನಾದಲ್ಲಿ ಹುಟ್ಟಿ ಪೆರುವಿನವರಾದವರು. ಮುಂದೆ ಜರ್ಮನ್ ಕಾರ್ಟಿ. ಕಾರ್ಟಿಗೆ ಆಗ 35 ವರ್ಷ. ನಮ್ಮಲ್ಲಾದರೆ ಈ ವಯಸ್ಸಿನವರನ್ನು "ಸಾಕು ಮಾಡಪ್ಪಾ" ಅಂತ ಮನೆಗೆ ಕಳಿಸುತ್ತಾರೆ. ಆ ವರ್ಷ ಆ ಕಪ್ಪಿನಲ್ಲಿ ಎಲ್ಲರಿಗಿಂತ ಜಾಸ್ತಿ ಗೋಲು ಹೊಡೆದವರು ಅವರೇ, 6 ಗೋಲು. ಅತ್ತ ಪೆರುವಿನಲ್ಲಿ ಆಟಗಾರರು ಸಂಬಳ ಬಾಕಿ ಅಂತ ಮುಷ್ಕರ ಹೂಡಿ ದೇಶದ ಲೀಗ್ ಅರ್ಧಕ್ಕೇ ನಿಂತ ವರ್ಷ ಅದು.

ಮೊದಲು ಅಲಿಯಾನ್ಸಾ ಲಿಮಾ ತಂಡವನ್ನೇ ಹೊರಗೆ ಹಾಕಿದರು. ಆಮೇಲೆ ಚಿಲಿಯ ಯೂನಿವರ್ಸಿಡಾಡ್ ಕಾತೊಲಿಕಾ. ಕುಸ್ಕೋದಲ್ಲಿ 4-0 ಗೆಲುವು, ಸ್ಯಾಂಟಿಯಾಗೊದಲ್ಲಿ 1-3 ಸೋಲು. ಈ ಒಂದು ಸುತ್ತಿನ ಮಟ್ಟಿಗೆ ನಿಮ್ಮ ಲೇಖಕರ ಮಾತು ಒಪ್ಪುತ್ತೇನೆ. ತವರಿನ ಎತ್ತರ ಇಲ್ಲಿ ಕೈ ಹಿಡಿದಿರಬಹುದು.

ಮುಂದಿನ ಎದುರಾಳಿ ಬ್ರೆಜಿಲ್‌ನ ಸ್ಯಾಂಟೋಸ್. ಪೆಲೆ ಆಡಿದ ಕ್ಲಬ್. ಹಿಂದಿನ ವರ್ಷದ ಬ್ರೆಜಿಲ್ ಚಾಂಪಿಯನ್. ರಾಬಿನ್ಯೊ, ಡಿಯೆಗೊ ಇಬ್ಬರೂ ಅಲ್ಲಿಯ ಹೊಸ ತಾರೆಗಳು. ಸ್ಯಾಂಟೋಸ್ ಬಂದರಿನ ಊರು, ಅಲೆ ಬಂದು ಬಡಿಯುವ ಜಾಗ. ಅಲ್ಲಿ ಹೋಗಿ ಇವರು 1-1 ಡ್ರಾ ಮಾಡಿಕೊಂಡು ಬಂದರು. ಎತ್ತರದಲ್ಲಿ ಬೆಳೆದವರು ಕೆಳಗಿಳಿದರೆ ಸೆಖೆಗೆ ಸೋತು ಸುಣ್ಣವಾಗುತ್ತಾರೆ ಅನ್ನುವುದು ಆ ಖಂಡದಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು. ಇವರು ಆಗಲಿಲ್ಲ. ವಾಪಸ್ ಬಂದು ಕುಸ್ಕೋದಲ್ಲಿ 2-1 ಗೆದ್ದರು.

ಸೆಮಿಫೈನಲ್ ಕೊಲಂಬಿಯಾದ ಅಟ್ಲೆಟಿಕೊ ನ್ಯಾಸಿಯೊನಾಲ್ ಜೊತೆ. ಮೆಡೆಲಿನ್ ಊರಿಗೇ ಹೋಗಿ 2-1 ಗೆದ್ದರು. ಮೆಡೆಲಿನ್ ಸುಮಾರು 1,500 ಮೀಟರ್. ಕುಸ್ಕೋದ ಅರ್ಧವೂ ಇಲ್ಲ. ತವರಿನಲ್ಲಿ 1-0.

ಫೈನಲ್‌ನಲ್ಲಿ ಸಿಕ್ಕಿದ್ದು ಅರ್ಜೆಂಟೀನಾದ ರಿವರ್ ಪ್ಲೇಟ್. ಕೋಚ್ ಮ್ಯಾನುಯೆಲ್ ಪೆಲ್ಲೆಗ್ರಿನಿ, ಮುಂದೆ ರಿಯಲ್ ಮ್ಯಾಡ್ರಿಡ್‌ಗೂ ಮ್ಯಾಂಚೆಸ್ಟರ್ ಸಿಟಿಗೂ ಕೋಚ್ ಆದವರು. ಮುಂದೆ ಆಡುತ್ತಿದ್ದವರು ಚಿಲಿಯ ಮಾರ್ಸೆಲೊ ಸಾಲಾಸ್. ಮೊದಲ ಪಂದ್ಯ ಡಿಸೆಂಬರ್ 10ರಂದು ಬ್ಯೂನಸ್ ಐರಿಸ್‌ನಲ್ಲಿ, ರಿವರ್‌ನ ದೊಡ್ಡ ಸ್ಟೇಡಿಯಂನಲ್ಲಿ. ಫಲಿತಾಂಶ 3-3. ಗಿಯುಲಿಯಾನೊ ಪೋರ್ಟಿಯಾ ಎರಡು, ಕಾರ್ಟಿ ಒಂದು. ಹೆಚ್ಚುಕಡಿಮೆ ಸಮುದ್ರ ಮಟ್ಟದಲ್ಲೇ ಇರುವ ಊರಿನಲ್ಲಿ, ಎದುರಾಳಿಯ ಮನೆಯಲ್ಲಿ, ರಿವರ್ ಪ್ಲೇಟ್‌ಗೆ ಮೂರು ಗೋಲು. ಈ ಪಂದ್ಯದಲ್ಲಿ ತೆಳು ಗಾಳಿ ಎಲ್ಲಿತ್ತು ಅಂತ ನಿಮ್ಮ ಲೇಖಕರು ಹೇಳಲಿ.

ಇನ್ನೊಂದು ಪಂದ್ಯ ಕುಸ್ಕೋದಲ್ಲಿ ಆಗಬೇಕಿತ್ತು. ಆಗಲಿಲ್ಲ. ಫೈನಲ್ ನಡೆಸಲು 40,000 ಜನ ಹಿಡಿಸುವ ಮೈದಾನ ಇರಬೇಕು ಅನ್ನುವುದು ನಿಯಮ. ಕುಸ್ಕೋದ ಗಾರ್ಸಿಲಾಸೊ ಸ್ಟೇಡಿಯಂ ಆಗ ಅಷ್ಟು ದೊಡ್ಡದಿರಲಿಲ್ಲ. ಹಾಗಾಗಿ ತಮ್ಮ ಊರಿನ ಇತಿಹಾಸದಲ್ಲೇ ದೊಡ್ಡ ಪಂದ್ಯವನ್ನು ತಮ್ಮ ಊರಿನಲ್ಲಿ ಆಡುವ ಭಾಗ್ಯ ಅವರಿಗೆ ಇರಲಿಲ್ಲ. ಅರೆಕಿಪಾ ಅನ್ನುವ ಬೇರೆ ಊರಿಗೆ ಹೋಗಬೇಕಾಯಿತು. ಅರೆಕಿಪಾ 2,300 ಮೀಟರ್ ಚಿಲ್ಲರೆ. ಅದೂ ಎತ್ತರವೇ, ಇಲ್ಲ ಅನ್ನುವುದಿಲ್ಲ. ಆದರೆ ಕುಸ್ಕೋಗಿಂತ ಸಾವಿರ ಮೀಟರ್ ಕೆಳಗೆ.

ನಮ್ಮ ಬಾಡಿಗೆ ಹುಡುಗ ಆ ಪಂದ್ಯ ನೋಡಿದ್ದ. ಆಗ ಅವನಿಗೆ ಒಂಬತ್ತು ವರ್ಷ. ಅಪ್ಪ, ಚಿಕ್ಕಪ್ಪ ಎಲ್ಲರೂ ಸೇರಿ ರಾತ್ರಿಯಿಡೀ ಬಸ್ಸಿನಲ್ಲಿ ಅರೆಕಿಪಾಕ್ಕೆ ಹೋಗಿದ್ದರಂತೆ. ಆ ಕೆಂಪು ಜೆರ್ಸಿ ಚಿಕ್ಕಪ್ಪನದು.

ಅವನು ಆ ಪಂದ್ಯವನ್ನು ನಮಗೆ ತೋರಿಸಿದ ರೀತಿ ಹೇಳಲೇಬೇಕು. ಡಿಸೆಂಬರ್ 19, ಫೈನಲ್ ನಡೆದ ದಿನ. ಅವರೆಕಾಯಿ ಕಾಲ. ನಮ್ಮ ಮನೆಯವರು ಜಗಲಿ ಮೇಲೆ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ಕೈಯೆಲ್ಲ ಸೊಗಡು. ಅವನೂ ಪಕ್ಕದಲ್ಲಿ ಕೂತು ಸುಲಿಯುತ್ತಿದ್ದ, ಅಮ್ಮನಿಗೆ ಸಹಾಯ ಅಂತ. ಇದ್ದಕ್ಕಿದ್ದ ಹಾಗೆ "ಮೇಷ್ಟ್ರೇ, ಇವತ್ತೇ" ಅಂದ. ಮೊರದಿಂದ ಹನ್ನೊಂದು ಕಾಳು ತೆಗೆದು ನೆಲದ ಮೇಲೆ ಸಾಲಾಗಿ ಇಟ್ಟ. ಅದು ಸಿಯೆನ್ಸಿಯಾನೊ. ಸಿಪ್ಪೆಯನ್ನು ಹನ್ನೊಂದು ತುಂಡು ಮಾಡಿ ಎದುರಿಗೆ ಇಟ್ಟ. ಅದು ರಿವರ್. ಒಂದು ಗುಂಡು ಮೆಣಸಿನಕಾಳು ಚೆಂಡು.

78ನೇ ನಿಮಿಷ. ಸಿಯೆನ್ಸಿಯಾನೊಗೆ ಫ್ರೀ ಕಿಕ್. ಒದೆಯಲು ಬಂದವರು ಪರಾಗ್ವೆಯ ಕಾರ್ಲೋಸ್ ಲುಗೊ. ಅವನು ಒಂದು ಕಾಳನ್ನು ಮೆಲ್ಲಗೆ ಹಿಂದಕ್ಕೆ ಎಳೆದ. ಎದುರು ಸಿಪ್ಪೆಗಳನ್ನು ಗೋಡೆಯ ಹಾಗೆ ಜೋಡಿಸಿದ. ಒಂದು ಸಿಪ್ಪೆಯನ್ನು ಹಿಂದೆ ನಿಲ್ಲಿಸಿ, "ಕೊಸ್ಟಾಂಜೊ, ಗೋಲ್‌ಕೀಪರ್" ಅಂದ. ಆಮೇಲೆ ಒಂದು ನಿಮಿಷ ಸುಮ್ಮನಿದ್ದ. ನಮ್ಮ ಮನೆಯವರಿಗೆ ಫುಟ್‌ಬಾಲ್ ಅಂದರೆ ಅಷ್ಟಕ್ಕಷ್ಟೆ, ಅವರೂ ಸುಲಿಯುವುದನ್ನು ನಿಲ್ಲಿಸಿದ್ದರು. ಅವನು ಬೆರಳಿನಿಂದ ಮೆಣಸಿನಕಾಳನ್ನು ಚಿಮ್ಮಿಸಿದ. ಅದು ಗೋಡೆ ದಾಟಿ ಹೋಗಿ ಬಾಗಿಲ ಹೊಸ್ತಿಲಿಗೆ ತಾಗಿತು. "ಗೋಲ್" ಅಂತ ಕೂಗಲಿಲ್ಲ. ಪಿಸುಮಾತಿನಲ್ಲಿ ಹೇಳಿದ. ಕಣ್ಣಲ್ಲಿ ನೀರಿತ್ತು.

ಇಬ್ಬರಿಗೆ ರೆಡ್ ಕಾರ್ಡ್ ಸಿಕ್ಕಿತ್ತು. ಪಂದ್ಯ ಮುಗಿಯುವಾಗ ಸಿಯೆನ್ಸಿಯಾನೊದಲ್ಲಿ ಉಳಿದಿದ್ದವರು ಒಂಬತ್ತೇ ಜನ. ಅವನು ಎರಡು ಕಾಳನ್ನು ತೆಗೆದು ಮೊರಕ್ಕೆ ಹಾಕಿ, ಉಳಿದ ಒಂಬತ್ತನ್ನು ಗೋಲಿನ ಮುಂದೆ ಒತ್ತೊತ್ತಾಗಿ ಇಟ್ಟು ತೋರಿಸಿದ. ಹೀಗೆ ನಿಂತಿದ್ದರು ಅಂದ. 1-0. ಎರಡೂ ಪಂದ್ಯ ಸೇರಿ 4-3. ಕಪ್ ಇವರದಾಯಿತು. ಪೆರುವಿನ ಕ್ಲಬ್ ಒಂದು ಖಂಡದ ಕಪ್ ಗೆದ್ದದ್ದು ಅದೇ ಮೊದಲು.

ಒಂಬತ್ತು ಜನ ಉಳಿದು, ತಮ್ಮದಲ್ಲದ ಮೈದಾನದಲ್ಲಿ ಗೆದ್ದರು ಸ್ವಾಮಿ. ಇದನ್ನು ಗಾಳಿಯ ಲೆಕ್ಕಕ್ಕೆ ಬರೆಯಬಹುದಾ?

ನನಗೆ ಆ ಒಂದು ಸಾಲು ಇಷ್ಟು ಯಾಕೆ ಚುಚ್ಚಿತು ಅಂತ ನೀವು ಕೇಳಬಹುದು. ಅದಕ್ಕೆ ನಮ್ಮ ಶಾಲೆಯ ಕಥೆ ಹೇಳಬೇಕು.

ನಮ್ಮ ಶಾಲೆಯ ಮೈದಾನ ವಿ.ಸಿ. ನಾಲೆಯ ಪಕ್ಕ ಇತ್ತು. ನಾಲೆಗೆ ನೀರು ಬಿಟ್ಟ ಕೂಡಲೇ ಅರ್ಧ ಮೈದಾನ ಜವುಗು. ಗೋಲ್ ಕಂಬ ಅಂದರೆ ಸರ್ವೆ ಮರದ ಗಳ. ಪಂದ್ಯದ ಹಿಂದಿನ ದಿನ ಹುಡುಗರು ಆಲೆಮನೆಯಿಂದ ಒಣಗಿದ ಕಬ್ಬಿನ ಸಿಪ್ಪೆ ಹೊತ್ತು ತಂದು ಕೆಸರಿನ ಮೇಲೆ ಹರಡುತ್ತಿದ್ದರು. ಇದ್ದದ್ದು ಆರು ಜೊತೆ ಬೂಟು. ಆಡುವ ಹನ್ನೊಂದು ಜನರಲ್ಲಿ ಯಾರ ಕಾಲಿಗೆ ಆಗುತ್ತದೋ ಅವರಿಗೆ. ರಾತ್ರಿ ನಾನೇ ಆ ಬೂಟುಗಳ ಒಳಗೆ ಹಳೆಯ ಪೇಪರ್ ಉಂಡೆ ಮಾಡಿ ತುರುಕಿ ಒಲೆಯ ಹತ್ತಿರ ಇಡುತ್ತಿದ್ದೆ, ಬೆಳಗಾಗುವುದರಲ್ಲಿ ಒಣಗಲಿ ಅಂತ. ಆ ಪೇಪರ್ ನಿಮ್ಮದೇ.

1990ರ ದಶಕದ ಕೊನೆಯಲ್ಲಿ ಒಂದು ಆಗಸ್ಟ್. ಪಂದ್ಯಾವಳಿಯಲ್ಲಿ ಪಟ್ಟಣದ ಒಂದು ದೊಡ್ಡ ಶಾಲೆಯ ತಂಡ ನಮ್ಮ ಮೈದಾನಕ್ಕೆ ಬಂತು. ಹನ್ನೊಂದು ಜನಕ್ಕೂ ಹೊಸ ಬೂಟು. ನಮ್ಮ ಹುಡುಗರು 3-1 ಗೆದ್ದರು. ಮೂರನೇ ಗೋಲು ನನ್ನ ಕಣ್ಣಿಗೆ ಇನ್ನೂ ಕಟ್ಟಿದ ಹಾಗಿದೆ. ನಮ್ಮ ಎಡಗಡೆಯ ಹುಡುಗ, ಕಬ್ಬು ಕಡಿಯುವವರ ಮಗ, ಚೆಂಡನ್ನು ಕೆಸರಿಗೆ ತಾಗಿಸದೆ ಎರಡು ಸಲ ಮೊಣಕಾಲಿನಲ್ಲಿ ಎತ್ತಿ, ಮೂರನೇ ಸಲಕ್ಕೆ ಒದ್ದ. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಕೆಸರಿನಲ್ಲಿ ಆಡಿ ಆಡಿ ತಾನೇ ಕಂಡುಕೊಂಡಿದ್ದ.

ಪಂದ್ಯ ಮುಗಿದ ಮೇಲೆ ಎದುರು ತಂಡದ ಜೊತೆ ಬಂದಿದ್ದ ಹಿರಿಯರೊಬ್ಬರು ಹುಡುಗರ ಎದುರಿಗೇ ಹೇಳಿದರು: "ನಿಮ್ಮ ಹುಡುಗರು ಗೆಲ್ಲಲಿಲ್ಲ ಮೇಷ್ಟ್ರೇ, ನಿಮ್ಮ ನಾಲೆ ನೀರು ಗೆದ್ದಿತು."

ಆ ಹುಡುಗ ಕಾಲು ತೊಳೆಯುತ್ತಾ ನಿಂತಿದ್ದ. ಸಂಜೆ ಎಲ್ಲರೂ ಹೋದ ಮೇಲೆ ಬಂದು ಕೇಳಿದ, "ಸಾರ್, ನೀರೇ ಗೆದ್ದಿದ್ದಾ?"

ಇಲ್ಲ ಕಣೋ ಅಂದೆ. ಆದರೆ ನನ್ನ ಮಾತು ಅವನ ಒಳಗೆ ಇಳಿಯಲಿಲ್ಲ. ಮುಂದಿನ ಪಂದ್ಯ ಬೇರೆ ಊರಿನಲ್ಲಿ, ಬಿರುಸಾದ ಒಣ ಮಣ್ಣಿನ ಮೈದಾನದಲ್ಲಿ. ಅಲ್ಲಿಯೂ ನಮ್ಮವರು ಚೆನ್ನಾಗಿಯೇ ಆಡಿದರು. 1-1 ಆಗಿ, ಹೊತ್ತು ಮುಳುಗಿ, ಟಾಸ್ ಹಾಕಿ ತೀರ್ಮಾನ ಮಾಡಿದರು. ಟಾಸ್ ನಮಗೆ ಬರಲಿಲ್ಲ. ಒಣ ಮೈದಾನದಲ್ಲಿ ಯಾರೂ ನಮ್ಮನ್ನು ಸೋಲಿಸಲಿಲ್ಲ ಅನ್ನುವುದನ್ನು ಆ ಹುಡುಗ ನೆನಪಿಟ್ಟುಕೊಳ್ಳಲಿಲ್ಲ. ಕೆಸರಿನ ಮಾತು ಮಾತ್ರ ನೆನಪಿಟ್ಟುಕೊಂಡ. ಮುಂದಿನ ವರ್ಷ ಟೀಮಿಗೆ ಬರಲೇ ಇಲ್ಲ. ನಾನು ಎರಡು ಸಲ ಮನೆಗೆ ಹೋಗಿ ಕರೆದೆ.

ಗೆದ್ದವನ ಗೆಲುವನ್ನು ಅವನ ಊರಿನ ಮಣ್ಣಿಗೋ, ನೀರಿಗೋ, ಗಾಳಿಗೋ ಕೊಟ್ಟುಬಿಟ್ಟರೆ ಅವನ ಕೈಯಲ್ಲಿ ಏನು ಉಳಿಯುತ್ತದೆ? ಲಿಮಾದವರು, ಬ್ಯೂನಸ್ ಐರಿಸ್‌ನವರು ಗೆದ್ದಾಗ ಯಾರೂ ಹಾಗೆ ಹೇಳುವುದಿಲ್ಲ. ಅವರ ಹತ್ತಿರ ದುಡ್ಡಿತ್ತು, ಒಳ್ಳೆಯ ಮೈದಾನವಿತ್ತು, ಅದಕ್ಕೇ ಗೆದ್ದರು ಅಂತ ಒಂದು ಸಾಲಿನಲ್ಲಿ ಮುಗಿಸುವುದಿಲ್ಲ. ಅವರ ಆಟದ ಬಗ್ಗೆ ಅರ್ಧ ಪುಟ ಬರೆಯುತ್ತಾರೆ.

ಸಿಯೆನ್ಸಿಯಾನೊ ಬಗ್ಗೆಯೂ ಆಗ ಇದೇ ಮಾತು ಬಂತಂತೆ, ಎತ್ತರದಿಂದ ಗೆದ್ದರು ಅಂತ. ಅದಕ್ಕೆ ಉತ್ತರ ಕೊಡುವ ಅವಕಾಶ ಅವರಿಗೆ ಮುಂದಿನ ವರ್ಷವೇ ಸಿಕ್ಕಿತು. ರೆಕೋಪಾ ಅಂತ ಒಂದು ಪಂದ್ಯ ಇದೆ. ಲಿಬರ್ಟಡೋರೆಸ್ ಗೆದ್ದವರಿಗೂ ಸುಡಾಮೆರಿಕಾನಾ ಗೆದ್ದವರಿಗೂ ನಡುವೆ. 2003ರ ಲಿಬರ್ಟಡೋರೆಸ್ ಗೆದ್ದಿದ್ದವರು ಬೋಕಾ ಜೂನಿಯರ್ಸ್, ಅದೂ ಫೈನಲ್‌ನಲ್ಲಿ ಸ್ಯಾಂಟೋಸ್ ತಂಡವನ್ನೇ ಸೋಲಿಸಿ. ಪಂದ್ಯ ನಡೆದದ್ದು 2004ರ ಸೆಪ್ಟೆಂಬರ್ 7ರಂದು ಅಮೆರಿಕದ ಫ್ಲಾರಿಡಾದಲ್ಲಿ, ಫೋರ್ಟ್ ಲಾಡರ್‌ಡೇಲ್ ಊರಿನಲ್ಲಿ. ಅದು ಕಡಲ ತೀರದ ಊರು. ಗುಡ್ಡ ಅಂತ ಹೇಳಿಕೊಳ್ಳುವುದಕ್ಕೂ ಒಂದಿಲ್ಲ.

ಬೋಕಾ ಪರವಾಗಿ ಕಾರ್ಲೋಸ್ ಟೆವೆಜ್ ಮೊದಲು ಗೋಲು ಹೊಡೆದರು. ಪಂದ್ಯ ಮುಗಿಯಲು ಒಂದು ನಿಮಿಷ ಇರುವಾಗ, 89ನೇ ನಿಮಿಷದಲ್ಲಿ, ರೊಡ್ರಿಗೊ ಸರಾಜ್ ಸಮ ಮಾಡಿದರು. 1-1. ಪೆನಾಲ್ಟಿಯಲ್ಲಿ ಸಿಯೆನ್ಸಿಯಾನೊ 4-2ರಿಂದ ಗೆದ್ದಿತು. ಒಂದು ವರ್ಷದೊಳಗೆ ಅರ್ಜೆಂಟೀನಾದ ಎರಡು ದೊಡ್ಡ ಕ್ಲಬ್‌ಗಳು, ರಿವರ್ ಮತ್ತು ಬೋಕಾ, ಎರಡನ್ನೂ ಒಂದು ಶಾಲೆಯ ಹೆಸರಿನ ಕ್ಲಬ್ ಸೋಲಿಸಿತು. ಸಮುದ್ರ ಮಟ್ಟದ ಈ ಪಂದ್ಯ ನಿಮ್ಮ ಬರಹದಲ್ಲಿ ಇರಲೇ ಇಲ್ಲ. ಇದ್ದಿದ್ದರೆ ಆ ಸಾಲು ಬರೆಯೋಕೆ ಆಗುತ್ತಿರಲಿಲ್ಲ.

2007ರಲ್ಲಿ ಫಿಫಾ ಎತ್ತರದ ಮೈದಾನಗಳಲ್ಲಿ ಅಂತರರಾಷ್ಟ್ರೀಯ ಪಂದ್ಯ ಬೇಡ ಅಂತ 2,500 ಮೀಟರ್‌ನ ಗೆರೆ ಹಾಕಿದ್ದು, ಆಂಡಿಸ್ ಬೆಟ್ಟದ ದೇಶಗಳು ಸಿಟ್ಟಾದದ್ದು, ಮರುವರ್ಷ ಅದನ್ನು ಅಮಾನತಿನಲ್ಲಿ ಇಟ್ಟದ್ದು ನಿಮ್ಮ ಬರಹದಲ್ಲೇ ಇದೆ, ಮತ್ತೆ ಹೇಳುವುದಿಲ್ಲ. ಹುಟ್ಟಿದ ಊರಿನಲ್ಲಿ ಆಡಬೇಡ ಅನ್ನುವ ಹಕ್ಕು ಯಾರಿಗೂ ಇಲ್ಲ ಅನ್ನುವುದು ನನ್ನ ಅಭಿಪ್ರಾಯ.

ಟೆರ್ನೆರೊ ಬಗ್ಗೆ ಎರಡು ಮಾತು. ನಾನೂ ಕೋಚ್ ಆಗಿದ್ದವನು, ಅವರನ್ನು ಬಿಟ್ಟು ಮುಂದೆ ಹೋಗಲಾರೆ. ಅವರ ಮಾತು ಒಂದೇ, "ಸಿ ಸೆ ಪುಯೆದೆ." ನಮ್ಮ ಭಾಷೆಯಲ್ಲಿ "ಆಗುತ್ತೆ ಕಣೋ" ಅಂದ ಹಾಗೆ. ದೇಶವೇ ಆ ಮಾತನ್ನು ಕೂಗಿತಂತೆ. ಆಮೇಲೆ ಅವರು ಲಿಮಾದ ಸ್ಯಾನ್ ಮಾರ್ಟಿನ್ ದೆ ಪೊರೆಸ್ ಅನ್ನುವ ಭಾಗದ ಮೇಯರ್ ಆದರು. 2015ರ ಸೆಪ್ಟೆಂಬರ್‌ನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು, 53 ವರ್ಷಕ್ಕೆ. ಅದೇ ವರ್ಷ ಸಿಯೆನ್ಸಿಯಾನೊ ಎರಡನೇ ದರ್ಜೆಯ ಲೀಗಿಗೆ ಇಳಿಯಿತು. ನಾಲ್ಕು ವರ್ಷ ಅಲ್ಲೇ ಇತ್ತು. ಕಪ್ ಗೆದ್ದ ಮೇಲೆ ದೊಡ್ಡದು ಮಾಡಿಸಿದ, 40,000ಕ್ಕೂ ಜಾಸ್ತಿ ಜನ ಹಿಡಿಸುವ ಗಾರ್ಸಿಲಾಸೊ ಸ್ಟೇಡಿಯಂನಲ್ಲಿ ಎರಡನೇ ದರ್ಜೆಯ ಪಂದ್ಯ. ಆ ವರ್ಷಗಳಲ್ಲೂ ನಮ್ಮ ಹುಡುಗನ ಚಿಕ್ಕಪ್ಪ ಹೋಗಿ ಕೂರುತ್ತಿದ್ದರಂತೆ. 2019ರಲ್ಲಿ ಎರಡನೇ ದರ್ಜೆಯ ಲೀಗ್ ಗೆದ್ದು ಮತ್ತೆ ಮೇಲಕ್ಕೆ ಬಂದರು. ಅದಾದ ಮೇಲೆಯೇ ಅವನು ಮೈಸೂರಿಗೆ ಬಂದದ್ದು. ಆ ಜೆರ್ಸಿ ದಿನ ಬಿಟ್ಟು ದಿನ ಯಾಕೆ ತಂತಿ ಮೇಲೆ ಇರುತ್ತಿತ್ತು ಅಂತ ನನಗೆ ಆಮೇಲೆ ಅರ್ಥವಾಯಿತು.

ಈಗ ನನ್ನ ಬೇಡಿಕೆ. ಎರಡಿದೆ.

ಒಂದು, ದಯವಿಟ್ಟು ಒಂದು ತಿದ್ದುಪಡಿ ಹಾಕಿ. ನಾಲ್ಕು ಸಾಲು ಸಾಕು. ಕ್ಲಬ್ಬಿನ ಹೆಸರು ಇರಲಿ. ಸ್ಯಾಂಟೋಸ್‌ನಲ್ಲಿ 1-1, ಮೆಡೆಲಿನ್‌ನಲ್ಲಿ 2-1, ಬ್ಯೂನಸ್ ಐರಿಸ್‌ನಲ್ಲಿ 3-3, ಅರೆಕಿಪಾದಲ್ಲಿ 1-0 ಅನ್ನುವ ಅಂಕಿಗಳು ಇರಲಿ. ಓದುಗರು ತಾವೇ ನೋಡಿಕೊಳ್ಳುತ್ತಾರೆ.

ಎರಡು, ನಿಮ್ಮ ಮೈಸೂರು-ಮಂಡ್ಯ ಆವೃತ್ತಿಯಲ್ಲಿ ಶಾಲೆಗಳ ಫುಟ್‌ಬಾಲ್ ಫಲಿತಾಂಶಕ್ಕೆ ಸ್ವಲ್ಪ ಜಾಗ ಕೊಡಿ. ಮೊದಲೆಲ್ಲ ಮಳೆಗಾಲದಲ್ಲಿ ತಾಲ್ಲೂಕು ಪಂದ್ಯಾವಳಿಯ ಫಲಿತಾಂಶ ಸಣ್ಣ ಅಕ್ಷರದಲ್ಲಾದರೂ ಬರುತ್ತಿತ್ತು. ಈಗ ಯೂರೋಪಿನ ಲೀಗಿನ ಪಟ್ಟಿ ಇರುತ್ತದೆ, ನಮ್ಮ ಹೈಸ್ಕೂಲುಗಳ ಹೆಸರು ಇರುವುದಿಲ್ಲ. ಯೂರೋಪಿನ ಪಟ್ಟಿ ಫೋನಿನಲ್ಲಿ ಎಲ್ಲರಿಗೂ ಸಿಗುತ್ತದೆ, ಅಲ್ವಾ? ಕೆ.ಆರ್. ಪೇಟೆಯದೋ ಮಳವಳ್ಳಿಯದೋ ಒಂದು ಸರ್ಕಾರಿ ಶಾಲೆ 2-0 ಗೆದ್ದದ್ದು ನಿಮ್ಮ ಪೇಪರ್‌ನಲ್ಲಿ ಬರದಿದ್ದರೆ ಬೇರೆ ಎಲ್ಲೂ ಬರುವುದಿಲ್ಲ. ಗೋಲು ಹೊಡೆದ ಹುಡುಗನ ಹೆಸರು, ಹುಡುಗಿಯ ಹೆಸರು ಹಾಕಿ. ಅದನ್ನು ಅವರು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿಕೊಳ್ಳುತ್ತಾರೆ. ನಮ್ಮ ಶಾಲೆಯಲ್ಲಿ ಅಂಟಿಸಿಕೊಂಡದ್ದನ್ನು ನಾನು ನೋಡಿದ್ದೇನೆ. ಅಂಥ ಒಂದು ತುಂಡು ಕಾಗದ ಆ ಎಡಗಡೆಯ ಹುಡುಗನ ಹತ್ತಿರ ಇದ್ದಿದ್ದರೆ, ನೀರು ಗೆದ್ದಿತು ಅಂದವರ ಮಾತಿನ ಎದುರಿಗೆ ಅವನ ಕೈಯಲ್ಲಿ ಏನಾದರೂ ಇರುತ್ತಿತ್ತು. ಆ ಸಲದ ಫಲಿತಾಂಶ ಎಲ್ಲೂ ಬರಲಿಲ್ಲ.

ಅವನು ಈಗ ಲಾರಿ ಓಡಿಸುತ್ತಾನೆ. ಮದ್ದೂರಿನಲ್ಲಿ ಮನೆ ಮಾಡಿದ್ದಾನೆ. ಹೋದ ತಿಂಗಳು ಒಂದು ಮದುವೆಯಲ್ಲಿ ಸಿಕ್ಕಿದ್ದ. ಮಗನಿಗೆ ಹನ್ನೆರಡು ವರ್ಷ, ಎಡಗಾಲಿನಲ್ಲೇ ಒದೆಯುತ್ತಾನೆ ಸಾರ್ ಅಂದ.

ನೀವು ತಿದ್ದುಪಡಿ ಹಾಕಿದ ದಿನ ನಾನು ಪೇಪರ್‌ನ ಎರಡು ಪ್ರತಿ ತೆಗೆದುಕೊಳ್ಳುತ್ತೇನೆ. ಒಂದರ ಫೋಟೋ ತೆಗೆಸಿ ಕುಸ್ಕೋಗೆ ಕಳಿಸಬೇಕು. ಕನ್ನಡ ಅವನಿಗೆ ಓದಲು ಬರುವುದಿಲ್ಲ, ಅಂಕಿಗಳು ಗೊತ್ತಾಗುತ್ತವೆ. ಇನ್ನೊಂದನ್ನು ಮದ್ದೂರಿಗೆ ನಾನೇ ತೆಗೆದುಕೊಂಡು ಹೋಗುತ್ತೇನೆ.

ಇಂತಿ ನಿಮ್ಮ ಓದುಗ,
ನಿವೃತ್ತ ಪಿ.ಟಿ. ಮೇಷ್ಟ್ರು
ಗೋಕುಲಂ, ಮೈಸೂರು